ಓದುಗರ ಪ್ರಶ್ನೆ: 15 ಬರಬೇಕಿತ್ತು, 10 ಬಂತು

ಮಳೆ ಬಿಟ್ಟು ಹುತ್ತರಿ ಹತ್ತಿರ ಬರುವ ಹೊತ್ತಿಗೆ ಕೊಡಗಿನ ಮನೆಗಳಿಗೆ ಇನ್ನೊಂದೂ ಬರುತ್ತದೆ. ಮೊದಲ ಸೆಮಿಸ್ಟರಿನ ಇಂಟರ್ನಲ್ಸ್ ಅಂಕ. ಅದಕ್ಕೇ ಇರಬೇಕು, ಈ ಸಲದ ಪತ್ರಗಳಲ್ಲಿ ಮುಕ್ಕಾಲು ಭಾಗ ಪ್ರೋಗ್ರಾಮಿಂಗ್ ಬಗ್ಗೆ. ಬಿಸಿಎ ಸೇರಿದವರು, ಇಂಜಿನಿಯರಿಂಗ್ ಸೇರಿದವರು, ಅವರ ಅಪ್ಪಂದಿರು, ಒಬ್ಬರು ಅಜ್ಜಿ ಕೂಡ ಬರೆದಿದ್ದಾರೆ. ಹೊಸ ಓದುಗರಿಗೆ ಒಂದು ಮಾತು. ನಾನು 24 ವರ್ಷ ಮೊದಲ ಸೆಮಿಸ್ಟರಿನ ಮಕ್ಕಳಿಗೆ ಇದೇ ಪಾಠ ಮಾಡಿದವಳು. ಈಗ ನಾಪೋಕ್ಲು ಹತ್ತಿರ ಅಪ್ಪನ ತೋಟ ನೋಡಿಕೊಂಡಿದ್ದೇನೆ. ಉತ್ತರದಲ್ಲಿ ಕಾಫಿ ವಾಸನೆ ಜಾಸ್ತಿ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮ, ಕಾಮರ್ಸ್. ಈಗ ಬಿಸಿಎ ಮೊದಲ ಸೆಮ್. ಅಪ್ಪ ಕಾಫಿ ತೋಟದಲ್ಲಿ ರೈಟರ್, ಲೆಕ್ಕ ಬರೆಯುವ ಕೆಲಸ. ಸಿ ಪ್ರೋಗ್ರಾಮಿಂಗ್ ಇಂಟರ್ನಲ್ಸ್‌ನಲ್ಲಿ 20ಕ್ಕೆ 6 ಬಂತು. ಕ್ಲಾಸಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ನನಗೆ ಮಾತ್ರ ಆಗುವುದಿಲ್ಲ. ಲ್ಯಾಬಿನಲ್ಲಿ 1ರಿಂದ 5ರವರೆಗೆ ಕೂಡಿಸುವ ಪ್ರೋಗ್ರಾಮ್ ಬರೆದೆ. 15 ಬರಬೇಕು, 10 ಬರುತ್ತಿದೆ. ಎರಡು ದಿನ ನೋಡಿದೆ, ತಪ್ಪು ಕಾಣಲಿಲ್ಲ. ಪ್ರೋಗ್ರಾಮ್ ಜೊತೆಗಿಟ್ಟಿದ್ದೇನೆ. ಬಿ.ಕಾಂ.ಗೆ ಬದಲಾಯಿಸಿಕೊಳ್ಳಲಾ?
(ವಿದ್ಯಾರ್ಥಿನಿ, ಮಾದಾಪುರ)

ಉತ್ತರ: ಬಿ.ಕಾಂ. ವಿಷಯ ಆಮೇಲೆ ಮಾತಾಡೋಣ. ಮೊದಲು ಆ 10 ಎಲ್ಲಿಂದ ಬಂತು ಅಂತ ನೋಡೋಣಮ್ಮ.

ನೀನು ಬರೆದದ್ದನ್ನು ಕನ್ನಡದಲ್ಲಿ ಓದಿದರೆ ಹೀಗಿದೆ. ಮೊತ್ತ 0 ಇಡು. ಎಣಿಕೆ 1 ಇಡು. ಎಣಿಕೆ 5ಕ್ಕಿಂತ ಕಡಿಮೆ ಇರುವ ತನಕ ಎರಡು ಕೆಲಸ ಮಾಡು: ಮೊತ್ತಕ್ಕೆ ಎಣಿಕೆಯನ್ನು ಕೂಡಿಸು, ಆಮೇಲೆ ಎಣಿಕೆಗೆ ಒಂದು ಸೇರಿಸು. ಎಲ್ಲ ಮುಗಿದ ಮೇಲೆ ಮೊತ್ತ ತೋರಿಸು.

ಈಗ ಕಂಪ್ಯೂಟರ್ ಬಿಟ್ಟು ಏಳು. ಒಂದು ಹಾಳೆ ತೆಗೆದುಕೊಂಡು ಮಧ್ಯದಲ್ಲಿ ಗೆರೆ ಎಳೆ. ಎಡಗಡೆ ಎಣಿಕೆ, ಬಲಗಡೆ ಮೊತ್ತ. ಮೊದಲ ಸಾಲಿನಲ್ಲಿ 1 ಮತ್ತು 0. ಎಣಿಕೆ 5ಕ್ಕಿಂತ ಕಡಿಮೆಯಾ? ಹೌದು. ಮೊತ್ತ 1 ಆಯಿತು, ಎಣಿಕೆ 2. ಮತ್ತೆ ಮೇಲೆ ಹೋಗು. 2 ಕಡಿಮೆಯಾ? ಹೌದು. ಮೊತ್ತ 3, ಎಣಿಕೆ 3. ಮತ್ತೆ ಮೇಲೆ. ಮೊತ್ತ 6, ಎಣಿಕೆ 4. ಮತ್ತೆ. ಮೊತ್ತ 10, ಎಣಿಕೆ 5. ಈಗ ಕೇಳು: 5 ಅನ್ನೋದು 5ಕ್ಕಿಂತ ಕಡಿಮೆಯಾ? ಅಲ್ಲ. ಅಲ್ಲಿಗೆ ಲೂಪ್, ಅಂದರೆ ಈ ಸುತ್ತುವ ಕೆಲಸ, ನಿಂತಿತು. 5 ಬಾಗಿಲವರೆಗೆ ಬಂದು ವಾಪಸ್ ಹೋಯಿತು, ಒಳಗೆ ಬರಲೇ ಇಲ್ಲ. ‘ಕಡಿಮೆ’ ಅನ್ನುವ ಗುರುತಿನ ಪಕ್ಕ ‘ಸಮ’ದ ಗುರುತನ್ನೂ ಹಾಕು, 15 ಬರುತ್ತದೆ.

ಇದಕ್ಕೆ ಹಾಳೆಯಲ್ಲಿ ಎರಡು ನಿಮಿಷ ಸಾಕು. ಸ್ಕ್ರೀನ್ ಮುಂದೆ ನಿನಗೆ ಎರಡು ದಿನ ಹಿಡಿಯಿತು. ಯಾಕೆ ಗೊತ್ತಾ? ಅಲ್ಲಿ ನೀನು ಓದುತ್ತಿದ್ದದ್ದು ಮನಸ್ಸಿನಲ್ಲಿರುವ ಪ್ರೋಗ್ರಾಮನ್ನು. ಮನಸ್ಸಿನಲ್ಲಿ ‘1ರಿಂದ 5ರವರೆಗೆ’ ಅಂತಲೇ ಇದೆ, ಕಣ್ಣು ಅದನ್ನೇ ಕಾಣುತ್ತದೆ. ಕಂಪ್ಯೂಟರಿಗೆ ನಿನ್ನ ಮನಸ್ಸು ಗೊತ್ತಿಲ್ಲ, ಬರೆದದ್ದು ಮಾತ್ರ ಗೊತ್ತು.

ಹೀಗೆ ಒಂದೊಂದೇ ಸಾಲನ್ನು ಕೈಯಲ್ಲಿ ನಡೆಸಿ, ಪ್ರತಿ ಹೆಜ್ಜೆಗೂ ಬೆಲೆ ಬರೆಯುವುದಕ್ಕೆ ಟ್ರೇಸಿಂಗ್ ಅನ್ನುತ್ತಾರೆ. ಈ ಪದ ನಿಮ್ಮ ಮನೆಗೆ ಹೊಸದಲ್ಲ. ಮಾದಾಪುರ ಕಡೆ ಅರೇಬಿಕಾ ಇದೆಯಲ್ಲ, ಬೋರರ್ ಟ್ರೇಸಿಂಗ್ ಹೇಗೆ ಮಾಡುತ್ತಾರೆ ಅಂತ ಅಪ್ಪನನ್ನು ಕೇಳು. ಬಿಳಿ ಕಾಂಡಕೊರಕ ಹೊಕ್ಕ ಗಿಡ ದೂರಕ್ಕೆ ಚೆನ್ನಾಗಿಯೇ ಕಾಣುತ್ತದೆ. ದಾರಿಯಲ್ಲಿ ನಿಂತು ‘ತೋಟ ಹಸಿರಾಗಿದೆ’ ಅಂದರೆ ಆಗಲಿಲ್ಲ. ಸಾಲು ಹಿಡಿದು, ಒಂದು ಗಿಡವನ್ನೂ ಬಿಡದೆ, ಬಗ್ಗಿ ಕಾಂಡದ ಮೇಲೆ ಉಬ್ಬಿದ ಗೆರೆ ಇದೆಯಾ ಅಂತ ಕೈಯಾಡಿಸಿ ನೋಡಬೇಕು. ‘ಈ ಸಾಲು ಸರಿ ಇದೆ ಬಿಡು’ ಅಂತ ದಾಟಿದ ಕಡೆಯೇ ಹುಳ ಇರುತ್ತದೆ. ಪ್ರೋಗ್ರಾಮಿನ ಹುಳಕ್ಕೂ ಇದೇ ಸ್ವಭಾವ.

ಪತ್ರದ ಹಿಂದೆ ಸಣ್ಣಕ್ಷರದಲ್ಲಿ ಇನ್ನೊಂದು ಕೇಳಿದ್ದೀಯ: ‘ಎಣಿಕೆ = ಎಣಿಕೆ + 1’ ಅನ್ನೋದು ಗಣಿತದಲ್ಲಿ ತಪ್ಪಲ್ಲವಾ ಅಂತ. ತಪ್ಪೇ. ಅದು ನಿನಗೆ ತಲೆಗೆ ಹತ್ತಿದ್ದು ಒಳ್ಳೇ ಲಕ್ಷಣ, ಎಷ್ಟೋ ಜನ ಅದನ್ನು ಸುಮ್ನೆ ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಇಲ್ಲಿ ಆ ಗುರುತಿಗೆ ‘ಸಮ’ ಅನ್ನುವ ಅರ್ಥ ಇಲ್ಲ. ಗೋದಾಮಿನ ಬಾಗಿಲಲ್ಲಿ ಅಪ್ಪ ಸ್ಲೇಟಿನ ಮೇಲೆ ಚೀಲದ ಲೆಕ್ಕ ಬರೆದಿರುತ್ತಾರೆ, 41 ಅಂತ ಇಟ್ಟುಕೋ. ಇನ್ನೊಂದು ಚೀಲ ಬಂತು. ಅಪ್ಪ 41 ಓದಿ, ಒಂದು ಕೂಡಿಸಿ, ಒರೆಸಿ, ಅದೇ ಜಾಗದಲ್ಲಿ 42 ಬರೆಯುತ್ತಾರೆ. ಅಷ್ಟೇ. ಬಲಗಡೆಯನ್ನು ಮೊದಲು ಲೆಕ್ಕ ಹಾಕು, ಬಂದದ್ದನ್ನು ಎಡಗಡೆಯ ಸ್ಲೇಟಿನ ಮೇಲೆ ಬರೆ. ಹಳೆಯದು ಹೋಯಿತು. ಎರಡು ಸಮವಾ ಅಂತ ಕೇಳಬೇಕಾದರೆ ಸಿ ಭಾಷೆಯಲ್ಲಿ ಆ ಗುರುತನ್ನು ಎರಡು ಸಲ ಹಾಕಬೇಕು. ‘ಹೀಗಿದ್ದರೆ ಮಾತ್ರ ಮಾಡು’ ಅನ್ನುವ ‘ಇಫ್’ ಒಳಗೆ ಒಂದೇ ಹಾಕಿದರೆ ಅದು ಕೇಳುವ ಬದಲು ಒರೆಸಿ ಬರೆದುಬಿಡುತ್ತದೆ. ಬರೀ ಇದೊಂದಕ್ಕೇ ನಾನು ವರ್ಷಕ್ಕೆ ಒಂದು ಕೆಂಪು ಪೆನ್ನು ಖಾಲಿ ಮಾಡುತ್ತಿದ್ದೆ.

ಇನ್ನು ಕನ್ನಡ ಮಾಧ್ಯಮ ಅನ್ನುವ ಅಳುಕು. 1989ರಲ್ಲಿ ಗೊತ್ತುಮಾಡಿದ ಸಿ ಭಾಷೆಗೆ ಇರುವುದು 32 ಕೀವರ್ಡ್, ಅಂದರೆ ಭಾಷೆ ತನಗೇ ಅಂತ ಇಟ್ಟುಕೊಂಡ ಪದಗಳು. ಒಂದನೇ ಕ್ಲಾಸಿನಲ್ಲಿ ನೀನು ಕಲಿತ ವರ್ಣಮಾಲೆಯಲ್ಲಿ 49 ಅಕ್ಷರ ಇದ್ದವು, ಅದರ ಮೇಲೆ ಕಾಗುಣಿತ, ಒತ್ತಕ್ಷರ ಬೇರೆ. ಈ 32ರಲ್ಲೂ ಮೊದಲ ಸೆಮ್‌ಗೆ ದಿನಾ ಬೇಕಾಗುವುದು ಅರ್ಧ. ಕಷ್ಟ ಕೊಡುವುದು ಪುಸ್ತಕದ ಇಂಗ್ಲಿಷ್ ಮತ್ತು ಎರರ್ ಮೆಸೇಜ್. ಎರರ್‌ಗೆ ಒಂದು ಅಭ್ಯಾಸ ಹೇಳುತ್ತೇನೆ. 20 ಎರರ್ ಬಂದರೂ ಮೊದಲನೆಯದನ್ನು ಮಾತ್ರ ಓದು. ಅದನ್ನು ಸರಿ ಮಾಡಿ ಮತ್ತೆ ಕಂಪೈಲ್ ಮಾಡು, ಅಂದರೆ ಬರೆದದ್ದನ್ನು ಮಷೀನಿನ ಭಾಷೆಗೆ ತಿರುಗಿಸು. ಬಾಕಿ 19ರಲ್ಲಿ ಹೆಚ್ಚಿನವು ಅದರ ಬಾಲಗಳು. ಸೆಮಿಕೋಲನ್ ಮರೆತದ್ದು ಒಂದು ಸಾಲಿನಲ್ಲಿ, ಬೈಗುಳ ಎಷ್ಟೋ ಸಲ ಅದರ ಕೆಳಗಿನ ಸಾಲಿಗೆ. ಹಾಗಾಗಿ ಹೇಳಿದ ಸಾಲಿನ ಜೊತೆ ಮೇಲಿನ ಸಾಲನ್ನೂ ನೋಡು.

ಎಲ್ಲರಿಗೂ ಅರ್ಥವಾಗುತ್ತದೆ ಅಂದೆಯಲ್ಲ, ಅದು ನಿಜ ಅಲ್ಲ. ನಾನು 24 ವರ್ಷ ಬೋರ್ಡಿನ ಕಡೆಯಿಂದ ಆ ಮುಖಗಳನ್ನು ನೋಡಿದ್ದೇನೆ. ‘ಇಫ್’ವರೆಗೆ ಎಲ್ಲರೂ ಬರುತ್ತಾರೆ. ಲೂಪ್ ಹತ್ತಿರ ಅರ್ಧ ಬೆಂಚು ಜಾರುತ್ತದೆ, ತಲೆ ಮಾತ್ರ ಆಡಿಸುತ್ತಿರುತ್ತದೆ. ಲೂಪಿನೊಳಗೆ ಲೂಪ್ ಬಂದ ದಿನ ತಲೆಯೂ ಆಡುವುದಿಲ್ಲ. ನಾನೂ ಆ ಬೆಂಚಿನಲ್ಲೇ ಇದ್ದೆ. 1993ರಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಹೋಗುವ ಲ್ಯಾಬಿನಲ್ಲಿ, ಒಂದು ಕಂಪ್ಯೂಟರಿಗೆ ಮೂವರು. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಅಲ್ಲಿ ಒಮ್ಮೆಲೇ ಇಂಗ್ಲಿಷ್. ನನ್ನ ಮೊದಲ ಪ್ರೋಗ್ರಾಮ್ ಮೂರು ಅಂಕಗಳ ಸರಾಸರಿ. 35, 36, 36 ಕೊಟ್ಟೆ. 35 ಬಂತು. 107ನ್ನು 3ರಿಂದ ಭಾಗಿಸಿದರೆ 35.67 ಅಲ್ವಾ? ಮಷೀನ್ ಕೆಟ್ಟಿದೆ ಅಂತ ಅಟೆಂಡರ್ ಹತ್ತಿರ ಹೇಳಲು ಹೋದೆ, ಸುಮ್ನೆ ನಗಬೇಡ. ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ, ದಶಮಾಂಶ ಉದುರಿ ಹೋಗುತ್ತದೆ ಅಂತ ಗೊತ್ತಾದದ್ದು ಆಮೇಲೆ. ಮೊದಲ ಟೆಸ್ಟಿನಲ್ಲಿ ನನಗೆ ಬಂದದ್ದು ನಿನಗಿಂತ ಕಡಿಮೆ. ಎಷ್ಟು ಅಂತ ಹೇಳುವುದಿಲ್ಲ, ನನ್ನ ಹಳೇ ವಿದ್ಯಾರ್ಥಿಗಳೂ ಈ ಪುಟ ಓದುತ್ತಾರೆ.

ಎರಡನೇ ಇಂಟರ್ನಲ್ಸ್‌ವರೆಗೆ ದಿನಕ್ಕೆ ಒಂದು ಪ್ರೋಗ್ರಾಮ್ ಹಾಳೆಯ ಮೇಲೆ ಟ್ರೇಸ್ ಮಾಡು. ಹೊಸದು ಬರೆಯಬೇಕಾಗಿಲ್ಲ, ಲ್ಯಾಬ್ ರೆಕಾರ್ಡಿನಲ್ಲಿ ಇರುವುದೇ ಸಾಕು. ಆಗಲೂ ಬೇಡ ಅನ್ನಿಸಿದರೆ ಬಿ.ಕಾಂ. ಎಲ್ಲಿಗೂ ಓಡಿಹೋಗಿರುವುದಿಲ್ಲ.

ಪ್ರಶ್ನೆ: ಮಗನಿಗೆ ಲ್ಯಾಪ್‌ಟಾಪ್ ಬೇಕಂತೆ. ಪ್ರೋಗ್ರಾಮಿಂಗ್ ಕಲಿಯಲು 70,000 ರೂಪಾಯಿಯದ್ದೇ ಬೇಕು ಅನ್ನುತ್ತಾನೆ. ಈ ವರ್ಷ ಕಾಳುಮೆಣಸೂ ಕೈ ಕೊಟ್ಟಿದೆ. ಏನು ಮಾಡಲಿ?
(ಒಬ್ಬ ತಂದೆ, ಸುಂಟಿಕೊಪ್ಪ)

ಉತ್ತರ: 70,000ದ್ದು ಆಟ ಆಡಲಿಕ್ಕೆ ಬೇಕು. ಮೊದಲ ವರ್ಷದ ಪ್ರೋಗ್ರಾಮುಗಳು 50 ಸಾಲು ದಾಟುವುದಿಲ್ಲ, ಹತ್ತು ವರ್ಷ ಹಳೆಯ ಕಂಪ್ಯೂಟರಿಗೂ ಅದು ಕಡಲೆಪುರಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಧಾರಾಳ. ತೆಗೆದುಕೊಳ್ಳುವಾಗ ಬ್ಯಾಟರಿ ನೋಡಿ. ಜೂನ್ ಬಂದು ಲೈನಿನ ಮೇಲೆ ಮರ ಬಿದ್ದರೆ ನಮ್ಮಲ್ಲಿ ಕರೆಂಟ್ ಎಷ್ಟು ದಿನಕ್ಕೆ ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಚೀಲದೊಳಗೆ ಮುಚ್ಚಿಟ್ಟು ವಾರಗಟ್ಟಲೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ದಿನಕ್ಕೊಮ್ಮೆ ಆನ್ ಮಾಡಲಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ ಕಿತ್ತಿಡಲಿ. ಕಲಿಯಲು ಬೇಕಾದ ಸಾಫ್ಟ್‌ವೇರ್ ಎಲ್ಲ ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್ವರ್ಕ್ ಇಲ್ಲದೆಯೂ ನಡೆಯುತ್ತದೆ. ಉಳಿದ ದುಡ್ಡನ್ನು ತೋಟಕ್ಕೆ ಹಾಕಿ. ಮಗನಿಗೆ ಈ ಪುಟ ತೋರಿಸಬೇಡಿ, ನನ್ನನ್ನು ಶಪಿಸುತ್ತಾನೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಇನ್ನೂ ಸಿ ಹೇಳಿಕೊಡುತ್ತಿದ್ದಾರೆ. ಬೆಂಗಳೂರಿನಲ್ಲಿರುವ ಅಣ್ಣ, ‘ಅದೆಲ್ಲ ಅಜ್ಜನ ಕಾಲದ್ದು, ಪೈಥಾನ್ ಕಲಿ’ ಅನ್ನುತ್ತಾನೆ. ನಾನು ವರ್ಷ ಹಾಳು ಮಾಡಿಕೊಳ್ಳುತ್ತಿದ್ದೇನಾ?
(ವಿದ್ಯಾರ್ಥಿ, ಗೋಣಿಕೊಪ್ಪ)

ಉತ್ತರ: ಅಣ್ಣ ಹೇಳಿದ ವಯಸ್ಸು ಸರಿ. ಸಿ ಭಾಷೆಯನ್ನು ಡೆನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟಿದರು. ನೆದರ್‌ಲ್ಯಾಂಡ್ಸ್‌ನ ಗೀಡೊ ವಾನ್ ರಾಸಮ್ ಅವರ ಪೈಥಾನ್ ಹೊರಗೆ ಬಂದದ್ದು 1991ರಲ್ಲಿ. ಅಂದರೆ ಪೈಥಾನ್ ಕೂಡ ನಿನ್ನ ಅಣ್ಣನಿಗಿಂತ ದೊಡ್ಡದೇ ಇರಬೇಕು. ನಾವೆಲ್ಲ ಓಡಿಸುವ ಸಾಮಾನ್ಯ ಪೈಥಾನ್ ಇದೆಯಲ್ಲ, ಅದನ್ನೇ ಬರೆದಿರುವುದು ಸಿ ಭಾಷೆಯಲ್ಲಿ. ಇದನ್ನು ಅಣ್ಣನಿಗೆ ಊಟದ ಹೊತ್ತಿನಲ್ಲಿ ಹೇಳು.

ಎರಡಕ್ಕೂ ಇರುವ ವ್ಯತ್ಯಾಸ ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ರೊಬಸ್ಟಾ ಚೆರಿ ಮಾರುವಾಗ ಓಟಿ ಕೇಳುತ್ತಾರೆ. 50 ಕೆಜಿ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ. ನಿಮ್ಮದು 27.5 ಬಂತು, ಪಾಯಿಂಟಿಗೆ 200 ರೂಪಾಯಿ ಅಂತ ಸುಮ್ನೆ ಇಟ್ಟುಕೋ. ಚೀಲಕ್ಕೆ 5,500. ಸಿ ಭಾಷೆಯಲ್ಲಿ ಓಟಿ ಇಡುವ ಡಬ್ಬಿ ಯಾವ ಜಾತಿಯದ್ದು ಅಂತ ನೀನೇ ಮೊದಲು ಹೇಳಬೇಕು. ಮರೆತು ‘ಇಂಟ್’, ಅಂದರೆ ಪೂರ್ಣಾಂಕದ ಡಬ್ಬಿ, ಅಂದೆಯೋ, 27.5 ಹಾಕಿದರೂ 27 ಮಾತ್ರ ಉಳಿಯುತ್ತದೆ, ಪ್ರೋಗ್ರಾಮ್ ನಿಲ್ಲದೆ ನಡೆಯುತ್ತದೆ. ಚೀಲಕ್ಕೆ 100 ರೂಪಾಯಿ ಹೋಯಿತು. 100 ಚೀಲಕ್ಕೆ 10,000. ಪೈಥಾನಿನಲ್ಲಿ 27.5 ಬರೆದರೆ 27.5 ಇರುತ್ತದೆ.

ಹಾಗಂತ ಪೈಥಾನ್ ಏನೂ ಸಾಧು ಅಲ್ಲ ಮಾರಾಯ. ಅದರಲ್ಲಿ ಕೀಬೋರ್ಡಿನಿಂದ ಬಂದದ್ದೆಲ್ಲ ಮೊದಲು ಬರೀ ಅಕ್ಷರ. ಒಂದು ಚೀಲ 48 ಕೆಜಿ, ಇನ್ನೊಂದು 50 ಅಂತ ಟೈಪ್ ಮಾಡಿ, ಅಂಕಿಗೆ ಬದಲಾಯಿಸದೆ ಕೂಡಿಸಿದರೆ 98 ಬರುವುದಿಲ್ಲ, 4850 ಬರುತ್ತದೆ. ಎರಡನ್ನೂ ಅಕ್ಕಪಕ್ಕ ಅಂಟಿಸಿರುತ್ತದೆ. ಎರಡು ಚೀಲದಲ್ಲಿ 4,850 ಕೆಜಿ ಕಾಫಿ! ಅಂಥ ಚೀಲ ಸಿಕ್ಕರೆ ನನಗೂ ಎರಡು ಕೊಡು.

ನನ್ನ ಅಭಿಪ್ರಾಯ ಕೇಳಿದರೆ, ಏನೂ ಗೊತ್ತಿಲ್ಲದವರಿಗೆ ಪೈಥಾನಿನಿಂದ ಶುರು ಮಾಡುವುದೇ ಸುಲಭ. ಆದರೆ ನಿನ್ನ ಸಿಲಬಸ್‌ನಲ್ಲಿ ಇರುವುದು ಸಿ, ಪರೀಕ್ಷೆ ಬರೆಯುವವನು ನೀನು. ಒಂದು ಭಾಷೆಯಲ್ಲಿ ಲೂಪ್, ಅರೇ, ಫಂಕ್ಷನ್ ಸರಿಯಾಗಿ ಕೂತರೆ ಇನ್ನೊಂದಕ್ಕೆ ಹೋಗಲು ಒಂದು ತಿಂಗಳ ರಜೆ ಸಾಕು. ಲ್ಯಾಬಿನಲ್ಲಿ ಇನ್ನೂ ನೀಲಿ ಪರದೆಯ ಟರ್ಬೊ ಸಿ ಇದ್ದರೆ ಮಾತ್ರ ಎಚ್ಚರ. ಅದು 1980ರ ದಶಕದ ಸಾಫ್ಟ್‌ವೇರ್. ಅಲ್ಲಿ ಪರದೆ ಒರೆಸಲು ಬಳಸುವ ಕೆಲವು ಪದಗಳು ಮನೆಯಲ್ಲಿ ಹಾಕಿಕೊಳ್ಳುವ ಸಿ ಕಂಪೈಲರ್ ಜಿಸಿಸಿಗೆ ಗೊತ್ತೇ ಇಲ್ಲ. ಲ್ಯಾಬಿನಲ್ಲಿ ಓಡಿದ್ದು ಮನೆಯಲ್ಲಿ ಓಡದಿದ್ದರೆ ನಿನ್ನದೇ ತಪ್ಪು ಅಂತ ರಾತ್ರಿಯೆಲ್ಲ ಕೂರಬೇಡ.

ಪ್ರಶ್ನೆ: ಎಐಗೆ ಕೇಳಿದರೆ ಲ್ಯಾಬಿನ ಎಲ್ಲ ಪ್ರೋಗ್ರಾಮನ್ನೂ ಅರ್ಧ ನಿಮಿಷದಲ್ಲಿ ಬರೆದು ಕೊಡುತ್ತದೆ. ನನ್ನ ರೆಕಾರ್ಡ್ ಬುಕ್ ಪೂರ್ತಿ ಹಾಗೇ ಆಗಿದೆ, ಅಂಕವೂ ಬಂದಿದೆ. ಇದರಲ್ಲಿ ತಪ್ಪೇನು? ಮುಂದೆ ಕೆಲಸದಲ್ಲೂ ಇದನ್ನೇ ಬಳಸುತ್ತಾರಂತೆ.
(ಇಂಜಿನಿಯರಿಂಗ್ ವಿದ್ಯಾರ್ಥಿ, ವಿರಾಜಪೇಟೆ)

ಉತ್ತರ: ಬಳಸುತ್ತಾರೆ. ಅದರಲ್ಲಿ ಸುಳ್ಳಿಲ್ಲ. ನಿನ್ನನ್ನು ಬೈಯಲು ನನಗೆ ಆಸೆಯೂ ಇಲ್ಲ, ನಮ್ಮ ಕಾಲದಲ್ಲಿ ಸೀನಿಯರ್‌ಗಳ ರೆಕಾರ್ಡ್ ಬುಕ್ ಇತ್ತು.

ನಾನು ಕೆಲಸ ಬಿಡುವ ವರ್ಷ ನಡೆದದ್ದು ಹೇಳುತ್ತೇನೆ. ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಒಬ್ಬ ಹುಡುಗ ಫ್ಯಾಕ್ಟೋರಿಯಲ್ ಪ್ರೋಗ್ರಾಮ್ ತೋರಿಸಿದ. ಕೊಟ್ಟ ಸಂಖ್ಯೆಯವರೆಗೆ 1, 2, 3 ಅಂತ ಎಲ್ಲವನ್ನೂ ಗುಣಿಸಿಕೊಂಡು ಹೋಗುವುದು. ಬಹಳ ಚೊಕ್ಕವಾಗಿ ಬರೆದಿತ್ತು, ನಡುನಡುವೆ ವಿವರಣೆಗೆ ಬರೆದ ಕಾಮೆಂಟ್‌ಗಳು ನನ್ನ ಇಂಗ್ಲಿಷಿಗಿಂತ ಚೆನ್ನಾಗಿದ್ದವು. 5 ಕೊಡು ಅಂದೆ, 120 ಬಂತು. 12 ಕೊಡು ಅಂದೆ, 47,90,01,600 ಬಂತು. ಸರಿ. 13 ಕೊಡು ಅಂದೆ. 1,93,20,53,504 ಬಂತು. ‘ಸರಿ ಇದೆಯೇನಪ್ಪ?’ ಅಂತ ಕೇಳಿದೆ. ‘ಸರಿ ಇದೆ ಮೇಡಂ’ ಅಂದ.

ಅಂಕಿಯನ್ನೇ ನೋಡು. 1ರಿಂದ 13ರವರೆಗೆ ಗುಣಿಸುವಾಗ 10 ಬರುತ್ತದೆ, ಅದರಿಂದ ಒಂದು ಸೊನ್ನೆ. 2 ಮತ್ತು 5 ಸೇರಿದರೆ ಇನ್ನೊಂದು ಸೊನ್ನೆ. ಕೊನೆಗೆ ಎರಡು ಸೊನ್ನೆ ಇರಲೇಬೇಕು. ಇಲ್ಲಿ 504 ಅಂತ ಮುಗಿದಿದೆ. ಏಳನೇ ಕ್ಲಾಸಿನ ಲೆಕ್ಕಕ್ಕೇ ಇದು ಸುಳ್ಳು. ನಿಜವಾದ ಉತ್ತರ 6,22,70,20,800. ಆ ಲ್ಯಾಬಿನ ‘ಇಂಟ್’ ಡಬ್ಬಿಯಲ್ಲಿ ಹಿಡಿಸುವುದು ಹೆಚ್ಚೆಂದರೆ 2,14,74,83,647. ಅದಕ್ಕಿಂತ ಜಾಸ್ತಿ ಸುರಿದರೆ ಚೆಲ್ಲುತ್ತದೆ. ಚೆಲ್ಲಿತು ಅಂತ ಸಿ ಹೇಳುವುದೂ ಇಲ್ಲ. ದೊಡ್ಡ ಡಬ್ಬಿ ಹಾಕಿದ್ದರೆ ಮುಗಿಯುತ್ತಿತ್ತು, ಒಂದು ಪದದ ಬದಲಾವಣೆ. ಆ ಪದ ಎಲ್ಲಿ ಹಾಕಬೇಕು ಅಂತ ಹುಡುಗನಿಗೆ ಗೊತ್ತಾಗಲಿಲ್ಲ. ಬರೆದದ್ದು ಅವನಾಗಿದ್ದರೆ ಗೊತ್ತಾಗುತ್ತಿತ್ತು.

ತಪ್ಪು ಮಾಡಿದ್ದು ಎಐ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ‘13 ಕೊಡುತ್ತೇನೆ’ ಅಂತ ಯಾರೂ ಹೇಳಿರಲಿಲ್ಲ. ಕೇಳಬೇಕು ಅಂತ ಹೊಳೆಯಬೇಕಾದರೆ ಒಮ್ಮೆಯಾದರೂ ಕೈಯಲ್ಲಿ ಗುಣಿಸಿ ನೋಡಿರಬೇಕು. ಇನ್ನೊಂದು, ಥಿಯರಿ ಪರೀಕ್ಷೆಯಲ್ಲಿ ಈಗಲೂ ಪೆನ್ನು, ಪೇಪರ್. ಅಲ್ಲಿ ಯಾರೂ ಅರ್ಧ ನಿಮಿಷದಲ್ಲಿ ಬರೆದು ಕೊಡುವುದಿಲ್ಲ.

ಬಳಸುವುದಾದರೆ ಹೀಗೆ ಬಳಸು. ಮೊದಲು ನೀನು ಬರೆ, ಹರಕು ಮುರುಕಾಗಿಯೇ ಆಗಲಿ. ಎರರ್ ಬಂದರೆ ಅದರ ಅರ್ಥ ಕೇಳು, ಕನ್ನಡದಲ್ಲೇ ಕೇಳು. ‘ಸರಿ ಮಾಡಿ ಕೊಡು’ ಅನ್ನಬೇಡ. ‘ಯಾವ ಸಂಖ್ಯೆ ಕೊಟ್ಟರೆ ನನ್ನ ಪ್ರೋಗ್ರಾಮ್ ಕೆಡುತ್ತದೆ?’ ಅಂತ ಕೇಳಿ ನೋಡು, ಅದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಆಮೇಲೆ ಅದು ಹೇಳಿದ ಸಂಖ್ಯೆಯನ್ನೇ ಹಾಳೆಯ ಮೇಲೆ ಟ್ರೇಸ್ ಮಾಡು. ಮಾದಾಪುರದ ಹುಡುಗಿಗೆ ಹೇಳಿದ್ದನ್ನು ಮೇಲೆ ಓದು. ಎರಡು ಸಲ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ.

ಪ್ರಶ್ನೆ: ಕನ್ನಡದಲ್ಲೇ ಪ್ರೋಗ್ರಾಮ್ ಬರೆಯಲು ಆಗುತ್ತದೆಯೇ?
(ಓದುಗ, ಕುಶಾಲನಗರ)

ಉತ್ತರ: ಅರ್ಧ ಆಗುತ್ತದೆ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ವೇರಿಯಬಲ್‌ಗೆ, ಅಂದರೆ ಬೆಲೆ ಇಡುವ ಡಬ್ಬಿಗೆ, ‘ಮಳೆ’, ‘ಮೊತ್ತ’ ಅಂತ ಕನ್ನಡದಲ್ಲೇ ಹೆಸರಿಡಬಹುದು. ‘ಇಫ್’, ‘ಫಾರ್’ ಮುಂತಾದವು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ‘೧೨’ ಅಂತ ಕನ್ನಡ ಅಂಕಿ ಟೈಪ್ ಮಾಡಿ ಅಂಕಿಗೆ ಬದಲಾಯಿಸು ಅಂದರೆ ಸರಿಯಾಗಿ 12 ಅಂತ ತಿಳಿದುಕೊಳ್ಳುತ್ತದೆ. ಮೊದಲ ಸಲ ನೋಡಿದಾಗ ನಾನು ಒಬ್ಬಳೇ ಕೂತು ನಕ್ಕಿದ್ದೆ. ಇನ್ನೊಂದು ತಮಾಷೆ: ‘ಮಳೆ’ ಎಷ್ಟು ಅಕ್ಷರ ಅಂತ ಕೇಳಿದರೆ 3 ಅನ್ನುತ್ತದೆ. ನಮಗೆ ಎರಡೇ ಅಲ್ವಾ? ಅದು ‘ಮ’, ‘ಳ’ ಜೊತೆಗೆ ಎತ್ವವನ್ನೂ ಬೇರೆಯಾಗಿ ಎಣಿಸುತ್ತದೆ.

ಪ್ರಶ್ನೆ: ನನಗೆ 58. ಮೊಮ್ಮಗಳು ಕಂಪ್ಯೂಟರ್ ಕೋರ್ಸ್ ಸೇರಿದ್ದಾಳೆ. ಅವಳ ಪುಸ್ತಕ ನೋಡಿ ನನಗೂ ಕಲಿಯುವ ಆಸೆಯಾಗಿದೆ. ಮನೆಯಲ್ಲಿ ಮಾವನವರ ಕಾಲದಿಂದ ಮಳೆ ಬರೆದಿಟ್ಟ ಪುಸ್ತಕಗಳಿವೆ, 1971ರಿಂದ. ಅದನ್ನು ಕಂಪ್ಯೂಟರಿಗೆ ಹಾಕಬೇಕು. ಮಗ ‘ಈ ವಯಸ್ಸಿನಲ್ಲಿ ಯಾಕಮ್ಮ’ ಅನ್ನುತ್ತಾನೆ. ಕ್ಲಾಸಿಗೆ ಸೇರಬೇಕೇ?
(ಒಬ್ಬ ಗೃಹಿಣಿ, ಭಾಗಮಂಡಲ)

ಉತ್ತರ: ಅಕ್ಕ, ಈ ಸಲದ ಪತ್ರಗಳಲ್ಲಿ ನನಗೆ ಹೊಟ್ಟೆಕಿಚ್ಚು ತಂದದ್ದು ನಿಮ್ಮದು. ಭಾಗಮಂಡಲದ ಮಳೆ, ಅದೂ 1971ರಿಂದ! ಅಷ್ಟು ಒಳ್ಳೆಯ ಲೆಕ್ಕ ಇಟ್ಟುಕೊಂಡು ಪ್ರೋಗ್ರಾಮಿಂಗ್ ಕಲಿಯುವ ಭಾಗ್ಯ ನನ್ನ ಒಬ್ಬ ವಿದ್ಯಾರ್ಥಿಗೂ ಇರಲಿಲ್ಲ. ಅವರಿಗೆಲ್ಲ ನಾನು ಕೊಡುತ್ತಿದ್ದದ್ದು ‘10 ವಿದ್ಯಾರ್ಥಿಗಳ ಅಂಕ’ದ ಸಪ್ಪೆ ಲೆಕ್ಕ.

ಕ್ಲಾಸು ಈಗಲೇ ಬೇಡ. ಮೊಮ್ಮಗಳ ಪುಸ್ತಕ ಸಾಕು. ಸಾಲದಿದ್ದರೆ ಕೇಂದ್ರ ಸರ್ಕಾರದ ‘ಸ್ವಯಂ’ನಲ್ಲಿ ಪ್ರೋಗ್ರಾಮಿಂಗ್ ಪಾಠಗಳಿವೆ, ನೋಡಲು ದುಡ್ಡು ಕೊಡಬೇಕಾಗಿಲ್ಲ. ಸರ್ಟಿಫಿಕೇಟಿಗೆ ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು. ನೀವು ಪೈಥಾನ್ ಹಿಡಿಯಿರಿ. ಒಂದು ದಿನದ ಮಳೆ ಅಂದರೆ ಒಂದು ವೇರಿಯಬಲ್. ಒಂದು ತಿಂಗಳ ಮಳೆ ಅಂದರೆ ಒಂದು ಲಿಸ್ಟ್. ಕೂಡಿಸುವುದು ಲೂಪ್. ‘ಐದು ಇಂಚಿಗಿಂತ ಜಾಸ್ತಿ ಬಿದ್ದ ದಿನ ಎಷ್ಟು’ ಅನ್ನೋದು ಇಫ್. ಇಷ್ಟಾದರೆ ಮೊಮ್ಮಗಳ ಅರ್ಧ ಸೆಮಿಸ್ಟರ್ ನಿಮಗೂ ಆಯಿತು.

ಒಂದೆರಡು ಕಡೆ ಕಾಲು ಜಾರುತ್ತದೆ. ನಾನು ಜಾರಿದ್ದೇನೆ, ಅದಕ್ಕೆ ಹೇಳುತ್ತೇನೆ. ನಮ್ಮ ಅಪ್ಪನೂ ಮಳೆ ಬರೆಯುತ್ತಿದ್ದರು. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಗೇಜಿನ ನೀರು ಅಳೆದು ಡೈರಿಯಲ್ಲಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುವುದು. ಅವರು 2-5 ಅಂತ ಬರೆದರೆ 2 ಇಂಚು 5 ಸೆಂಟ್. ನಾನು ಅದನ್ನು 2.5 ಅಂತ ಟೈಪ್ ಮಾಡಿದೆ. ಕಂಪ್ಯೂಟರಿಗೆ ಅದು ಎರಡೂವರೆ ಇಂಚು, ಅಂದರೆ 2 ಇಂಚು 50 ಸೆಂಟ್! ಇಂಚಿಗೆ 100 ಸೆಂಟ್ ಅಲ್ವಾ, 2.05 ಅಂತ ಹಾಕಬೇಕಿತ್ತು. ಒಂದು ಜುಲೈ ತಿಂಗಳು ಪೂರ್ತಿ ಹೀಗೇ ತುಂಬಿಸಿದ್ದೆ. ಮೊತ್ತ ನೋಡಿದರೆ ಅಪ್ಪ ತಿಂಗಳ ಕೊನೆಗೆ ಕೈಯಲ್ಲಿ ಕೂಡಿ ಬರೆದದ್ದಕ್ಕಿಂತ ಎಷ್ಟೋ ಜಾಸ್ತಿ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಹುಡುಕಿ ಒಂದು ಭಾನುವಾರ ಹೋಯಿತು. ಪ್ರೋಗ್ರಾಮ್ ಸರಿಯೇ ಇತ್ತು. ಅದಕ್ಕೆ ನೀವು ಇಂಚು ಬೇರೆ, ಸೆಂಟ್ ಬೇರೆ ಎರಡು ಕಲಂ ಮಾಡಿ. ಇಂಚನ್ನು 100ರಿಂದ ಗುಣಿಸಿ ಸೆಂಟ್ ಕೂಡಿಸಿ, ಎಲ್ಲವನ್ನೂ ಸೆಂಟಿನಲ್ಲೇ ಇಡಿ. ಮಿಲಿಮೀಟರ್ ಬೇಕಾದರೆ ಕೊನೆಗೆ 0.254ರಿಂದ ಗುಣಿಸಿದರಾಯಿತು. ಮಾವನವರು ತಿಂಗಳ ಮೊತ್ತ ಬರೆದಿಟ್ಟಿದ್ದರೆ ಅದನ್ನು ಒರೆಗಲ್ಲು ಮಾಡಿಕೊಳ್ಳಿ. ಎರಡೂ ತಾಳೆಯಾಗುವ ತನಕ ಮುಂದಿನ ತಿಂಗಳಿಗೆ ಹೋಗಬೇಡಿ.

ಎರಡನೆಯದು ಖಾಲಿ ಬಿಟ್ಟ ದಿನಗಳು. ಫೆಬ್ರವರಿಯಲ್ಲಿ ಖಾಲಿ ಇದ್ದರೆ ಮಳೆ ಇಲ್ಲ ಅಂತ ಅರ್ಥ, 0 ಹಾಕಬಹುದು. ಜುಲೈನಲ್ಲಿ ಖಾಲಿ ಇದ್ದರೆ? ಮದುವೆಗೋ ಆಸ್ಪತ್ರೆಗೋ ಹೋಗಿದ್ದಾರೆ, ಅಳೆಯಲು ಮನೆಯಲ್ಲಿ ಯಾರೂ ಇಲ್ಲ. ಅಲ್ಲಿ 0 ಹಾಕಿದರೆ ಆ ವರ್ಷದ ಸರಾಸರಿ ಸುಳ್ಳು ಹೇಳುತ್ತದೆ. ಪೈಥಾನಿನಲ್ಲಿ ಇದಕ್ಕೆ ‘ನನ್’ (None) ಅಂತ ಒಂದು ಪದ ಇದೆ. ಸೊನ್ನೆ ಅಲ್ಲ, ಏನೂ ಇಲ್ಲ ಅಂತ. ಮೊತ್ತ ಕೂಡುವಾಗ ಅದನ್ನು ದಾಟಿ ಹೋಗು ಅಂತ ಒಂದು ಇಫ್ ಬರೆಯಬೇಕು. ಯಾವುದು ಸೊನ್ನೆ, ಯಾವುದು ‘ನನ್’ ಅಂತ ಹೇಳಬಲ್ಲವರು ಆ ಮನೆಯಲ್ಲಿ ಬಾಳಿದ ನೀವು ಮಾತ್ರ. ಮಗನಿಗೆ ಇದನ್ನು ಹೇಳಿ.

ಅಪ್ಪನ ಕೊನೆಯ ಡೈರಿ 2018ರದ್ದು. ಆಗಸ್ಟ್ ನಡುವಿನ ಆ ವಾರ ನಿಮಗೂ ನೆನಪಿರುತ್ತದೆ, ಗುಡ್ಡಗಳು ಕುಸಿದ ವಾರ. ಮೂರು ದಿನದ ಜಾಗದಲ್ಲಿ ಅಂಕಿ ಇಲ್ಲ. ಪೆನ್ಸಿಲ್‌ನಲ್ಲಿ ‘ಗೇಜ್ ತುಂಬಿ ಚೆಲ್ಲಿದೆ, ಅಳೆಯಲಿಲ್ಲ’ ಅಂತ ಬರೆದಿದ್ದಾರೆ. ಬೇರೆ ಕಡೆಯ ಲೆಕ್ಕ ತಂದು ತುಂಬಿಸಬಹುದಿತ್ತು. ನನ್ನ ಫೈಲಿನಲ್ಲಿ ಆ ಮೂರು ದಿನ ಇನ್ನೂ ‘ನನ್’ ಅಂತಲೇ ಇದೆ.